ಬೀಗಿತ್ತಿಯ ದೂರು

ಮಗಳ ಬೀಗರೂಟದ ದಿನ ಅಮ್ಮಯಮ್ಮ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, “ಬಾಡು ಬ್ಯಾಡ ಕಣಕ್ಕಾ, ಅನ್ನ ತಿಳಿಸಾರು ಸಾಕು” ಅಂದಳು. ಎರಡು ಮನೆಗಳ ನಡುವಿನ ಮುನಿಸು ಹುಟ್ಟಿದ್ದು ಅಲ್ಲಿಯೇ.

ಬಡಿಸಲು ಬಂದವಳು ಬೇರೆ ಯಾರೋ ಆಗಿದ್ದರೆ ಮಾತು ಅಷ್ಟಕ್ಕೇ ಮುಗಿಯುತ್ತಿತ್ತೇನೋ. ಬಂದವಳು ಬೀಗಿತ್ತಿ ಮುನಿರತ್ನಮ್ಮ. ಸಾಸಲಿನಲ್ಲಿ ಆಕೆಯ ಕೈಯಡುಗೆಗೆ ಹೆಸರಿತ್ತು. ಮಗ ಅನಿಲ್‌ಕುಮಾರನ ಮದುವೆಗೆಂದೇ ಎರಡು ಟಗರುಗಳನ್ನು ಹುರುಳಿ ತಿನ್ನಿಸಿ ಸಾಕಿದ್ದಳು. ಅಡುಗೆಯವರಿದ್ದರೂ ಮಸಾಲೆಯನ್ನು ತಾನೇ ಎದುರು ನಿಂತು ರುಬ್ಬಿಸಿದ್ದಳು. ಹೆಣ್ಣಿನ ತಾಯಿಗೆ ತನ್ನ ಕೈಯಿಂದಲೇ ಮೊದಲು ಬಡಿಸಬೇಕೆಂದು ಒಳ್ಳೊಳ್ಳೆ ತುಂಡುಗಳನ್ನು ಆರಿಸಿ ಬಟ್ಟಲಿಗೆ ಹಾಕಿಕೊಂಡು ಬಂದಿದ್ದಳು.

“ಯಾಕಕ್ಕಾ, ಇವತ್ತು ವಾರಾನಾ?”

“ಇಲ್ಲ. ಬಿಟ್ಟುಬಿಟ್ಟಿದೀನಿ.”

“ಎಷ್ಟು ದಿನ ಆಯ್ತು?”

ಅಮ್ಮಯಮ್ಮ ಎಲೆ ನೋಡುತ್ತಾ ಏನೋ ಗೊಣಗಿದಳು. ಪಕ್ಕದಲ್ಲಿ ಅವಳ ಗಂಡ ಪಿಳ್ಳಪ್ಪ ಎರಡನೆಯ ಸಲ ಬೋಟಿ ಗೊಜ್ಜು ಹಾಕಿಸಿಕೊಳ್ಳುತ್ತಿದ್ದ. ಇಡೀ ಪಂಕ್ತಿ ನೋಡುತ್ತಿದ್ದಂತೆ ಮುನಿರತ್ನಮ್ಮ ಸೌಟನ್ನು ಬಟ್ಟಲಿಗೆ ವಾಪಸು ಹಾಕಿ ಮುಂದಿನ ಎಲೆಗೆ ಹೋದಳು. ಸಾಯಂಕಾಲದ ಹೊತ್ತಿಗೆ ನೆಂಟರೊಬ್ಬರು ಬೆಂಕಿಗೆ ತುಪ್ಪ ಸುರಿದರು. ಹಿಂದಿನ ವರ್ಷ ತೂಬಗೆರೆಯ ಯಾವುದೋ ಮದುವೆಯಲ್ಲಿ ಇದೇ ಅಮ್ಮಯಮ್ಮ ಮೂಳೆ ಚೀಪುತ್ತಾ ಕೂತಿದ್ದನ್ನು ಅವರು ಕಣ್ಣಾರೆ ಕಂಡಿದ್ದರಂತೆ. ಹಾಗಾದರೆ ಬಿಟ್ಟಿರುವುದು ಬಾಡನ್ನಲ್ಲ, ತಮ್ಮ ಮನೆಯ ಬಾಡನ್ನು ಎಂದು ಮುನಿರತ್ನಮ್ಮನಿಗೆ ಖಾತ್ರಿಯಾಯಿತು.

ಅವಳು ಜಗಳವಾಡಲಿಲ್ಲ. ಜಗಳವಾಡಿದರೆ ಸೊಸೆ ಅರ್ಪಿತಳಿಗೆ ನೋವಾಗುತ್ತದೆ, ಸೊಸೆಯ ಮೇಲೆ ಅವಳಿಗೆ ಪ್ರೀತಿಯೇ ಇತ್ತು. ಬದಲಿಗೆ ಅಮ್ಮಯಮ್ಮನ ಮನೆಗೆ ಹೋದಾಗಲೆಲ್ಲ ಒಂದು ಲೋಟ ನೀರು ಬಿಟ್ಟು ಏನನ್ನೂ ಮುಟ್ಟದಾದಳು. ಮೊಮ್ಮಗಳು ಸಿಂಚನಳ ನಾಮಕರಣಕ್ಕೆ ಹೋದಾಗಲೂ ಅಷ್ಟೇ.

“ಕಾಫಿನಾದ್ರೂ ತಗೊಳಿ ಅಕ್ಕಾ” ಎಂದು ಅಮ್ಮಯಮ್ಮ ಲೋಟ ಚಾಚಿದರೆ, “ಬಿಟ್ಟುಬಿಟ್ಟಿದೀನಿ” ಎನ್ನುವಳು. ತನ್ನ ಮನೆ ಸೇರಿದ ಮೇಲೆ ಎರಡು ಲೋಟ ಕುಡಿಯುವಳು.

ಇಷ್ಟಕ್ಕೂ ಅಮ್ಮಯಮ್ಮ ಹೇಳದೆ ಉಳಿಸಿಕೊಂಡಿದ್ದ ಸಂಗತಿ ಬೇರೆಯೇ ಇತ್ತು.

ಅವಳ ಊರು ತೂಬಗೆರೆಯ ಆಚೆ, ಬೆಟ್ಟದ ಬುಡದಲ್ಲಿ. ಮನೆಯಲ್ಲಿ ಎರಡು ಸೀಮೆಹಸು, ನಾಲ್ಕಾರು ಕುರಿ. ಮೇಯಿಸಲು ಲಂಟಾನದ ಪೊದೆಗಳ ನಡುವೆ ಓಡಾಡುವಾಗ ದನಗಳಿಗೆ ಕಚ್ಚಿಕೊಳ್ಳುವ ಉಣ್ಣೆಹುಳು ಅವಳಿಗೂ ಕಚ್ಚಿಕೊಳ್ಳುತ್ತಿತ್ತು. ಮಂಡಿಯ ಹಿಂದೆ, ಸೊಂಟದ ಹತ್ತಿರ ಕಡಲೆಬೇಳೆಯಷ್ಟು ಊದಿಕೊಂಡಿರುವುದನ್ನು ಉಗುರಿನಿಂದ ಕಿತ್ತು ಒಲೆಗೆ ಹಾಕಿ ಮರೆತುಬಿಡುತ್ತಿದ್ದಳು. ದನ ಕಟ್ಟಿದವರಿಗೆ ಅದೊಂದು ವಿಷಯವೇ ಅಲ್ಲ.

ಮಗಳಿಗೆ ಗಂಡು ನೋಡುತ್ತಿದ್ದ ವರ್ಷ, ಯುಗಾದಿಯ ಮಾರನೆಯ ದಿನ ಹೊಸತೊಡಕಿನ ಬಾಡೂಟ ಉಂಡು ಮಲಗಿದವಳಿಗೆ ರಾತ್ರಿ ಮೈತುಂಬ ತುರಿಸುವ ಗಂಧೆ ಎದ್ದಿತು. ಪಿತ್ತವೆಂದು ಪಿಳ್ಳಪ್ಪ ಕಂಬಳಿಯಿಂದ ಮೈ ಉಜ್ಜಿದ. ಪಿತೃಪಕ್ಷದಲ್ಲಿ ಮತ್ತೆ ಹಾಗೆಯೇ ಆಯಿತು, ಈ ಸಲ ತುಟಿ ಊದಿ ಬಚ್ಚಲಲ್ಲಿ ತಲೆ ಸುತ್ತಿ ಬಿದ್ದಳು. ಮೂರನೆಯ ಸಲವಾದಾಗ ಬಾಡು ತಿಂದ ದಿನವೇ ಹೀಗಾಗುತ್ತಿದೆ ಎಂಬುದು ಅವಳಿಗೇ ಹೊಳೆಯಿತು. ಜೊತೆಗೇ ಕಾರಣವೂ ಹೊಳೆಯಿತು. ಮಗಳಿಗೆ ಸಂಬಂಧ ಕೂಡಿಬಂದರೆ ಊರಮುಂದಿನ ಸಪ್ಪಲಮ್ಮ ದೇವಿಗೆ ಮರಿ ಕೊಡುವುದಾಗಿ ಹರಕೆ ಹೊತ್ತಿದ್ದಳು. ಸಂಬಂಧ ಕೂಡಿಬಂದಿತ್ತು, ಮರಿ ಕೊಡುವುದು ತಡವಾಗಿತ್ತು. ಗಾಬರಿಯಿಂದ ಮರಿ ಕೊಟ್ಟಳು. ಪ್ರಸಾದವೆಂದು ಒಂದು ಚೂರು ಬಾಯಿಗಿಟ್ಟರೆ ಆ ರಾತ್ರಿಯೂ ಗಂಧೆ! ದೇವಿ ತನ್ನಿಂದ ಬಾಡನ್ನೇ ಬಿಡಿಸುತ್ತಿದ್ದಾಳೆ ಎಂದುಕೊಂಡಳು. ಬೀಗರಿಗೆ ಹೇಳುವುದು ಹೇಗೆ? ದೇವರ ಕೋಪ ಇರುವ ಮನೆಯ ಹೆಣ್ಣು ಎಂಬ ಮಾತು ಬಂದರೆ ಮಗಳ ಗತಿಯೇನು? ಬಾಯಿ ಮುಚ್ಚಿಕೊಂಡು ಮಗಳನ್ನು ಧಾರೆ ಎರೆದುಕೊಟ್ಟಳು.

ಹೀಗೆ ಮೂರು ವರ್ಷ ಕಳೆಯಿತು. ಈ ನಡುವೆ ಅಮ್ಮಯಮ್ಮನಿಗೆ ಉಬ್ಬಸ ಶುರುವಾಯಿತು. ಹುಲ್ಲಿನ ಹೊರೆ ಹೊತ್ತರೆ ಅರ್ಧ ದಾರಿಯಲ್ಲಿ ಇಳಿಸಬೇಕು, ನಾಲ್ಕು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿಯಬೇಕು. ದೊಡ್ಡಬಳ್ಳಾಪುರದ ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿ, ಸ್ಕ್ಯಾನ್ ಮಾಡಿಸಿದರು. ಚಿಕ್ಕಂದಿನಲ್ಲಿ ಬಂದಿದ್ದ ಯಾವುದೋ ಜ್ವರ ಹೃದಯದ ಒಂದು ಕವಾಟವನ್ನು ಕೆಡಿಸಿತ್ತು. ಅದೀಗ ಸುಣ್ಣಗಟ್ಟಿ, ಸರಿಯಾಗಿ ತೆರೆಯುತ್ತಲೂ ಇರಲಿಲ್ಲ, ಮುಚ್ಚುತ್ತಲೂ ಇರಲಿಲ್ಲ. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಬದಲಾಯಿಸಬೇಕು ಅಂದರು.

ಬೀಗಿತ್ತಿಗೆ ಹೃದಯದ ಆಪರೇಷನ್ ಎಂದ ಮೇಲೆ ಮುನಿರತ್ನಮ್ಮ ಮನೆಯಲ್ಲಿ ಕೂರುವಂತಿರಲಿಲ್ಲ. ಅನಿಲ್‌ಕುಮಾರ ತಾನು ಕೆಲಸ ಮಾಡುವ ಗಾರ್ಮೆಂಟ್ಸಿನ ಗೆಳೆಯರನ್ನು ರಕ್ತ ಕೊಡಿಸಲು ಕರೆತಂದ ದಿನ ಅವಳೂ ಗಂಡ ವೆಂಕಟರಾಮಪ್ಪನೊಂದಿಗೆ ಬಂದಳು. ಮಂಚದ ಕಾಲ ಬಳಿ ಸೆರಗು ಹೊದ್ದು ನಿಂತಳೇ ಹೊರತು ಅರ್ಪಿತ ಎಳೆದುಕೊಟ್ಟ ಸ್ಟೂಲಿನ ಮೇಲೆ ಕೂರಲಿಲ್ಲ.

ಅದೇ ಹೊತ್ತಿಗೆ ಅರಿವಳಿಕೆ ಕೊಡುವ ಡಾಕ್ಟರು ಪ್ರಮೋದಾ ವಾರ್ಡಿಗೆ ಬಂದರು. ನೆಲಮಂಗಲದ ಕಡೆಯವರು, ನಗುಮುಖದವರು. ಹಲ್ಲು ಅಲ್ಲಾಡುತ್ತಾ, ಬಿ.ಪಿ. ಮಾತ್ರೆ ತಗೋತೀರಾ ಎಂದೆಲ್ಲ ಕೇಳಿ ಕೊನೆಗೆ, “ಯಾವುದಾದ್ರೂ ಔಷಧಿ, ಊಟ ಮೈಗೆ ಆಗ್ದೇ ಇರೋದು ಇದೆಯಾಮ್ಮ?” ಅಂದರು.

“ಏನೂ ಇಲ್ಲ ತಾಯಿ. ಎಲ್ಲಾ ಆಗತ್ತೆ.”

ಮೂರು ವರ್ಷದಿಂದ ಮುನಿರತ್ನಮ್ಮನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಆಗ ಹೊರಗೆ ಬಿದ್ದುಬಿಟ್ಟಿತು.

“ಹೂಂ ಡಾಕ್ಟ್ರಮ್ಮ, ಎಲ್ಲಾ ಆಗತ್ತೆ. ನಮ್ಮನೆ ಬಾಡು ಒಂದು ಆಗಲ್ಲ.”

“ಅತ್ತೆ!” ಅಂದಳು ಅರ್ಪಿತ. ಪಿಳ್ಳಪ್ಪ ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದು ಇರುವವನಂತೆ ಅತ್ತ ತಿರುಗಿಕೊಂಡ. ಡಾಕ್ಟರು ನಕ್ಕರು, ಸಹಿ ಹಾಕಲು ಪೆನ್ನು ಊರಿದರು. ಆದರೆ ಸಹಿ ಹಾಕಲಿಲ್ಲ.

“ಯಾಕಮ್ಮ ಆಗಲ್ಲ?”

“ಅದೇನೋ ನಂಗೊತ್ತಿಲ್ಲ. ಬೀಗರೂಟದಲ್ಲಿ ಎಲೆ ಮುಚ್ಕೊಂಡ್ಬಿಟ್ರು. ಅದಕ್ಕೂ ಮುಂಚೆ ಚೆನ್ನಾಗಿ ತಿಂತಿದ್ರಂತೆ. ಅವರನ್ನೇ ಕೇಳಿ.”

ಪ್ರಮೋದಾ ಮಂಚದ ಅಂಚಿಗೆ ಕೂತು ಅಮ್ಮಯಮ್ಮನ ಕೈ ಹಿಡಿದುಕೊಂಡರು. “ನಾಡಿದ್ದು ನಿಮ್ಮನ್ನ ನಿದ್ದೆ ಮಾಡಿಸೋಳು ನಾನು. ನನ್ನ ಹತ್ರ ಏನೂ ಮುಚ್ಚಿಡಬಾರ್ದು. ಮಾಂಸ ಯಾಕೆ ಬಿಟ್ರಿ?”

ಅಮ್ಮಯಮ್ಮ ಮಗಳ ಮುಖ ನೋಡಿದಳು, ಬೀಗಿತ್ತಿಯ ಮುಖ ನೋಡಿದಳು. ಎದೆ ಸೀಳಿಸಿಕೊಳ್ಳಲು ಬಂದವಳು ಇನ್ನು ಮುಚ್ಚಿಟ್ಟುಕೊಳ್ಳುವುದಾದರೂ ಏನನ್ನು? ಹೊಸತೊಡಕು, ಗಂಧೆ, ಬಚ್ಚಲಲ್ಲಿ ಬಿದ್ದದ್ದು, ಹರಕೆ, ಎಲ್ಲವನ್ನೂ ಮೆಲ್ಲಗೆ ಹೇಳಿದಳು. ಮಧ್ಯೆ ಒಮ್ಮೆ ಮೂಗು ಒರೆಸಿಕೊಂಡಳು. ಮುನಿರತ್ನಮ್ಮ ತಾನಾಗಿ ಸ್ಟೂಲಿನ ಮೇಲೆ ಕೂತಳು.

“ತಿಂದು ಎಷ್ಟು ಹೊತ್ತಾದ್ಮೇಲೆ ಗಂಧೆ ಏಳೋದು?”

“ಆಗ್ಲೇ ಏನೂ ಇಲ್ಲ. ಮಧ್ಯಾಹ್ನ ಉಂಡ್ರೆ ಹೊತ್ತು ಮುಳುಗೋ ಟೈಮಿಗೆ, ರಾತ್ರಿ ಉಂಡ್ರೆ ಒಂದು ನಿದ್ದೆ ಆದ್ಮೇಲೆ.”

“ಕೋಳಿ ತಿಂದ್ರೆ?”

ಅಮ್ಮಯಮ್ಮ ನಾಚಿಕೊಂಡಳು. “ಮೊಮ್ಮಗಳಿಗೆ ಮಾಡಿದ್ದ ಕೋಳಿಸಾರು ಉಪ್ಪು ನೋಡೋಕೆ ಅಂತ ಎರಡು ಮೂರು ಸಲ ಬಾಯಿಗೆ ಹಾಕ್ಕೊಂಡಿದೀನಿ. ಏನೂ ಆಗ್ಲಿಲ್ಲ. ಕೋಳಿ ಮೇಲೆ ದೇವಿಗೆ ಕೋಪ ಇಲ್ಲ ಅನ್ಸತ್ತೆ.”

“ನಿಮ್ಮ ದೇವಿಗೆ ನಿಮ್ಮ ಮೇಲೂ ಕೋಪ ಇಲ್ಲಮ್ಮ” ಅಂದರು ಪ್ರಮೋದಾ. ಅವರ ಕಣ್ಣುಗಳು ಹೊಳೆಯುತ್ತಿದ್ದವು. “ಒಂದು ಮಾತು ಹೇಳಿ. ನಿಮಗೆ ಉಣ್ಣೆ ಕಚ್ಚತ್ತಾ?”

ಕಿಟಕಿಯ ಕಡೆ ತಿರುಗಿದ್ದ ಪಿಳ್ಳಪ್ಪ ಇತ್ತ ತಿರುಗಿದ. “ದನ ಕಟ್ಟಿರೋ ಮನೆ ಮೇಡಂ. ಕಚ್ದೇ ಇರತ್ತಾ?”

ಆಗ ಡಾಕ್ಟರು ಎಲ್ಲರಿಗೂ ಅರ್ಥವಾಗುವಂತೆ ಹೇಳಿದರು. ಕೆಲವು ಜಾತಿಯ ಉಣ್ಣೆ ಕಚ್ಚಿದಾಗ ಅದರ ಎಂಜಲಿನ ಜೊತೆ ಸಕ್ಕರೆಯಂಥ ಒಂದು ಅಂಶ ರಕ್ತಕ್ಕೆ ಸೇರುತ್ತದೆ. ಕೆಲವರ ಮೈ ಅದನ್ನು ಶತ್ರು ಎಂದು ಗುರುತು ಹಿಡಿದುಬಿಡುತ್ತದೆ. ಅದೇ ಅಂಶ ಕುರಿ, ಮೇಕೆ, ದನ, ಹಂದಿಯ ಮೈಯಲ್ಲೂ ಇದೆ. ಕೋಳಿ, ಮೀನಿನಲ್ಲಿ ಇಲ್ಲ. ಆಮೇಲೆ ಬಾಡು ತಿಂದರೆ, ಅದು ಜೀರ್ಣವಾಗಿ ರಕ್ತ ಸೇರುವ ಹೊತ್ತಿಗೆ ಮೈ ತಿರುಗಿಬೀಳುತ್ತದೆ. ಅದಕ್ಕೇ ಗಂಟೆಗಟ್ಟಲೆ ತಡ.

“ನಮ್ಮ ಕಡೆ ಅಪರೂಪ. ನಾನೂ ಒಬ್ಬರನ್ನ ಮಾತ್ರ ನೋಡಿದೀನಿ. ರಕ್ತ ಪರೀಕ್ಷೆಗೆ ಕಳಿಸೋಣ, ಗೊತ್ತಾಗತ್ತೆ. ಅಲ್ಲಿವರೆಗೂ ಆಪರೇಷನ್ ಬೇಡ.”

“ಆಪರೇಷನ್ನಿಗೂ ಬಾಡಿಗೂ ಏನು ಮೇಡಂ?” ಅಂದ ಅನಿಲ್‌ಕುಮಾರ.

“ಬಹಳ ಇದೆ. ಇವರಿಗೆ ಹಾಕ್ಬೇಕು ಅಂದ್ಕೊಂಡಿದ್ದ ವಾಲ್ವು ಪ್ರಾಣಿಯ ಪೊರೆಯಿಂದ ಮಾಡಿದ್ದು. ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ಔಷಧಿ ಹಂದಿ ಕರುಳಿನಿಂದ ತೆಗೆಯೋದು. ಕೆಲವು ಕ್ಯಾಪ್ಸೂಲಿನ ಸಿಪ್ಪೆ ಕೂಡ ದನದ ಮೂಳೆ, ಚರ್ಮದ್ದು. ಗೊತ್ತಿಲ್ದೆ ಎಲ್ಲಾ ಒಟ್ಟಿಗೆ ಕೊಟ್ಟಿದ್ರೆ...” ಪ್ರಮೋದಾ ಮಾತು ಅಲ್ಲಿಗೇ ನಿಲ್ಲಿಸಿ ಮುನಿರತ್ನಮ್ಮನ ಕಡೆ ತಿರುಗಿದರು. “ನೀವು ದೂರು ಹೇಳಿದ್ದು ಎಷ್ಟು ಒಳ್ಳೇದಾಯ್ತು ಗೊತ್ತಾಮ್ಮ?”

ಮುನಿರತ್ನಮ್ಮ ಸ್ಟೂಲನ್ನು ಹಿಂದಕ್ಕೆ ತಳ್ಳಿದಳು. ಎದ್ದು ವರಾಂಡಕ್ಕೆ ಹೋದಳು. ವೆಂಕಟರಾಮಪ್ಪ ಹಿಂದೆಯೇ ಹೋದ.

“ಏನ್ರೀ ಇದು! ಒಂದು ಉಣ್ಣೆಗೋಸ್ಕರ ನಾನು ಮೂರು ವರ್ಷ ಅವರ ಮನೆ ಕಾಫಿ ಬಿಟ್ನಾ?”

“ಬಿಡಬಾರ್ದಿತ್ತು ಕಣೆ. ಅವರ ಮನೇಲಿ ಗಟ್ಟಿ ಹಾಲಿನ ಕಾಫಿ.”

“ನಿಮಗೆ ಹೆಂಗೊತ್ತು?”

“ನಾನು ಕುಡೀತಿದ್ನಲ್ಲ, ಹಿತ್ಲಲ್ಲಿ ನಿಂತ್ಕೊಂಡು.”

ಮುನಿರತ್ನಮ್ಮ ಗಂಡನನ್ನು ದುರುಗುಟ್ಟಿಕೊಂಡು ನೋಡಿದಳು. ಆಮೇಲೆ ತಡೆಯಲಾಗದೆ ನಕ್ಕುಬಿಟ್ಟಳು, ನಗುತ್ತ ನಗುತ್ತಲೇ ಕಣ್ಣಲ್ಲಿ ನೀರು ಬಂತು. ಕೆಳಗಿನ ಕ್ಯಾಂಟೀನಿನಿಂದ ತಾನೇ ಎರಡು ಲೋಟ ಕಾಫಿ ತಂದಳು. ಬಾಗಿಲಲ್ಲಿ ನರ್ಸನ್ನು ತಡೆದು, “ಇದರಲ್ಲಿರೋದು ಹಸೂನ ಹಾಲು. ಅವರಿಗೆ ಆಗತ್ತಾ ಕೇಳ್ಕೊಂಡ್ಬಾ ತಾಯಿ” ಅಂದಳು. ಇಷ್ಟು ವರ್ಷ ಕುಡಿದು ಏನೂ ಆಗಿಲ್ಲವಾದ್ದರಿಂದ ಅಡ್ಡಿಯಿಲ್ಲ ಎಂದು ಡಾಕ್ಟರು ಹೇಳಿಕಳಿಸಿದ ಮೇಲೆಯೇ ಒಂದು ಲೋಟವನ್ನು ಅಮ್ಮಯಮ್ಮನ ಕೈಗಿಟ್ಟಳು. ಇನ್ನೊಂದನ್ನು ಅವಳೆದುರೇ ಕೂತು ಕುಡಿದಳು.

“ಸಕ್ಕರೆ ಜಾಸ್ತಿ ಆಗೈತೆ” ಅಂದಳು ಅಮ್ಮಯಮ್ಮ.

“ಕುಡೀರಿ ಸುಮ್ನೆ” ಅಂದಳು ಮುನಿರತ್ನಮ್ಮ.

ರಕ್ತದ ವರದಿ ಪ್ರಮೋದಾ ಅವರ ಊಹೆಯನ್ನೇ ಹೇಳಿತು. ಆಪರೇಷನ್ ಮಾಡಬೇಕಿದ್ದ ಡಾಕ್ಟರ್ ಉಮಾಶಂಕರ್ ಎರಡೂ ಮನೆಯವರನ್ನು ಕೂರಿಸಿಕೊಂಡು ಮಾತಾಡಿದರು. ಪ್ರಾಣಿಯ ಪೊರೆಯ ಕವಾಟದ ಬದಲು ಲೋಹದ್ದನ್ನು ಹಾಕುವುದು. ಅದಕ್ಕೆ ಬಾಳಿನುದ್ದಕ್ಕೂ ರಕ್ತ ತೆಳುಮಾಡುವ ಮಾತ್ರೆ ನುಂಗಬೇಕು, ಆಗಾಗ ಪರೀಕ್ಷೆ ಮಾಡಿಸಬೇಕು. ಹಂದಿಯ ಕರುಳಿನ ಔಷಧಿಯನ್ನು ಮಾತ್ರ ಪೂರ್ತಿ ಬಿಡುವುದು ಕಷ್ಟ, ಅದಿಲ್ಲದೆ ಹೃದಯ ನಿಲ್ಲಿಸಿ ಯಂತ್ರದಲ್ಲಿ ರಕ್ತ ಹರಿಸುವುದು ಸುಲಭವಲ್ಲ. ಮೊದಲೇ ಅಲರ್ಜಿ ತಡೆಯುವ ಮದ್ದು ಕೊಟ್ಟು, ಒಂದು ತೊಟ್ಟಿನಷ್ಟು ಹಾಕಿ ನೋಡಿ, ಮೈ ಒಪ್ಪಿದರೆ ಮುಂದುವರಿಯುವುದು. ಒಪ್ಪದಿದ್ದರೆ ಬೇರೆ ಔಷಧಿ ಪಕ್ಕದಲ್ಲೇ ಸಿದ್ಧವಿರುತ್ತದೆ.

“ಲೋಹದ್ದು ಅಂದ್ರೆ ಕಬ್ಬಿಣಾನಾ ಸಾರ್? ತುಕ್ಕು ಹಿಡಿಯಲ್ವಾ?” ಅಂದ ಪಿಳ್ಳಪ್ಪ.

“ತುಕ್ಕು ಹಿಡಿಯೋದನ್ನ ಹಾಕಲ್ಲಪ್ಪ” ಎಂದು ನಕ್ಕರು ಉಮಾಶಂಕರ್.

ಆಪರೇಷನ್ನಿನ ದಿನ ಎರಡೂ ಮನೆಯವರು ಒಂದೇ ಸಾಲಿನ ಕುರ್ಚಿಗಳಲ್ಲಿ ಕೂತರು. ಪಿಳ್ಳಪ್ಪನಿಗೆ ಕೂರಲಾಗಲಿಲ್ಲ. ಎದ್ದು ಹೋಗಿ ಬಾಗಿಲು ನೋಡಿ ಬರುವನು, ಮತ್ತೆ ಕೂರುವನು. ಮುನಿರತ್ನಮ್ಮ ಸೊಸೆಯ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ತುಟಿ ಅಲುಗುತ್ತಿತ್ತು. ಊಟದ ಹೊತ್ತು ಮೀರಿದ ಮೇಲೆ ಪ್ರಮೋದಾ ಹೊರಗೆ ಬಂದರು. ತಲೆಯ ಮೇಲೆ ಹಸಿರು ಟೋಪಿ ಹಾಗೇ ಇತ್ತು.

“ಹೊಸ ವಾಲ್ವು ಚೆನ್ನಾಗಿ ಕೆಲ್ಸ ಮಾಡ್ತಿದೆ. ಆ ಔಷಧಿ ಹಾಕಿದಾಗ ಕುತ್ತಿಗೆ ಹತ್ರ ಒಂದಿಷ್ಟು ಗಂಧೆ ಎದ್ದಿತ್ತು. ಕಾಯ್ತಾ ಇದ್ವಲ್ಲ, ತಕ್ಷಣ ಮದ್ದು ಕೊಟ್ವಿ, ಇಳಿದುಹೋಯ್ತು. ಇನ್ನೇನೂ ತೊಂದ್ರೆ ಆಗ್ಲಿಲ್ಲ.”

ಅರ್ಪಿತ ಅತ್ತೆಯ ಹೆಗಲಿಗೆ ಮುಖವಿಟ್ಟು ಅತ್ತಳು. ಪಿಳ್ಳಪ್ಪ ಡಾಕ್ಟರಿಗೆ ಕೈ ಮುಗಿಯಲು ಹೋಗಿ, ಬೀಗರ ಕೈ ಹಿಡಿದುಕೊಂಡು, ಆಮೇಲೆ ಅಲ್ಲಿ ಹಾದುಹೋಗುತ್ತಿದ್ದ ವಾಚ್‌ಮನ್‌ಗೂ ಕೈ ಮುಗಿದ.

ಅಮ್ಮಯಮ್ಮನನ್ನು ವಾರ್ಡಿಗೆ ತಂದ ಮೇಲೆ ಮುನಿರತ್ನಮ್ಮ ಮಂಚದ ಪಕ್ಕ ಬಿಡಾರ ಹೂಡಿದಳು. ಯಾರು ಯಾವ ಮಾತ್ರೆ ತಂದರೂ ಅವಳ ಕೈ ದಾಟಿ ಹೋಗಬೇಕು. “ಇದು ಮಾತ್ರೆನೋ ಕ್ಯಾಪ್ಸೂಲೋ? ಸಿಪ್ಪೆ ಯಾತರದ್ದು?” ಎಂದು ಕೇಳುವಳು. ನರ್ಸುಗಳು ಮೊದಲು ಮುಖ ಸಿಂಡರಿಸಿದರು, ಆಮೇಲೆ ತಾವೇ ಬಾಗಿಲಲ್ಲಿ ನಿಂತು, “ಮಾತ್ರೆ ಕಣಮ್ಮ, ಡಾಕ್ಟ್ರು ನೋಡಿದಾರೆ” ಎಂದು ಹೇಳಿ ಒಳಗೆ ಬರುವಂತಾದರು.

ಅವಳ ನಿಜವಾದ ಪರೀಕ್ಷೆ ಪಿಳ್ಳಪ್ಪನ ತಮ್ಮ ಕಾಂತರಾಜು ಬಂದ ದಿನ ಆಯಿತು. ಅವನ ಕೈಯಲ್ಲಿ ದೊಡ್ಡ ಫ್ಲಾಸ್ಕಿತ್ತು.

“ಅತ್ತಿಗೆಗೆ ಕಾಲು ಸೂಪು ತಂದಿದೀನಿ. ಬೆಳಗಿನ ಜಾವದಿಂದ ಕುದಿಸಿರೋದು. ಆಪರೇಷನ್ ಆದೋರಿಗೆ ಇದಕ್ಕಿಂತ ಶಕ್ತಿ ಇನ್ಯಾವ್ದೂ ಇಲ್ಲ.”

ಕಾಂತರಾಜು ಮುಚ್ಚಳ ತಿರುಗಿಸುವುದಕ್ಕೆ ಮೊದಲೇ ಮುನಿರತ್ನಮ್ಮ ಫ್ಲಾಸ್ಕನ್ನು ಕಿತ್ತುಕೊಂಡು ಎದೆಗೆ ಅವುಚಿಕೊಂಡಳು.

“ಏನಪ್ಪಾ ಕಾಂತರಾಜು, ಡಾಕ್ಟ್ರು ಉಳಿಸಿರೋ ಜೀವಾನ ನೀನು ತೆಗೀತೀಯಾ?”

“ಸೂಪಮ್ಮಾ ಅದು!”

“ಕುರಿ ಕಾಲಿನ ಸೂಪಲ್ವಾ? ಹೊರಗಡೆ ಹೋಗಿ ನೀನೇ ಕುಡಿ. ನಿಂಗೂ ಶಕ್ತಿ ಬೇಕು, ನನ್ನ ಜೊತೆ ಜಗಳ ಆಡೋಕೆ.”

ನಗಬೇಡಿ, ಹೊಲಿಗೆ ಬಿಟ್ಟೀತು ಎಂದು ಹೇಳಿದ್ದರೂ ಅಮ್ಮಯಮ್ಮ ಎದೆಗೆ ದಿಂಬು ಒತ್ತಿಕೊಂಡು ನಕ್ಕಳು. ವರಾಂಡದಲ್ಲಿ ಆ ಸೂಪನ್ನು ಕಾಂತರಾಜು, ಪಿಳ್ಳಪ್ಪ, ವೆಂಕಟರಾಮಪ್ಪ ಮೂವರೂ ಹಂಚಿಕೊಂಡು ಕುಡಿದರು.

ಮನೆಗೆ ಕಳಿಸುವಾಗ ಪ್ರಮೋದಾ ಒಂದು ಮಾತು ಒತ್ತಿ ಹೇಳಿದರು. ಕೊಟ್ಟಿಗೆಯಿಂದ ದೂರ ಇರಬೇಕು. ಮತ್ತೆ ಮತ್ತೆ ಉಣ್ಣೆ ಕಚ್ಚಿದರೆ ಅಲರ್ಜಿ ಇನ್ನೂ ಬಲಿಯುತ್ತದೆ. ಕಚ್ಚದೇ ಇದ್ದರೆ ಕೆಲವರಿಗೆ ವರ್ಷಗಳಲ್ಲಿ ಕಡಿಮೆಯಾಗುವುದೂ ಉಂಟು.

“ಹಂಗಾದ್ರೆ ನಮ್ಮೂರಿಗೇ ಬರ್ಲಿ. ನಮ್ಮ ಹಟ್ಟೀಲಿ ಈಗ ಕೋಳಿ ಬಿಟ್ರೆ ಏನೂ ಇಲ್ಲ” ಅಂದಳು ಮುನಿರತ್ನಮ್ಮ.

“ಹೆಣ್ಣು ಕೊಟ್ಟ ಮನೇಲಿ ಹೋಗಿ ಕೂರೋದಾ? ಜನ ಏನಂತಾರೆ ಅಕ್ಕಾ?” ಅಂದಳು ಅಮ್ಮಯಮ್ಮ.

“ಮೂರು ವರ್ಷ ನಾನು ಮುನಿಸ್ಕೊಂಡಿದ್ದಾಗ ಜನ ಏನಂದ್ರು? ಏನೂ ಅನ್ನಲಿಲ್ಲ, ಕೂತ್ಕೊಂಡು ನೋಡಿದ್ರು. ಈಗ್ಲೂ ನೋಡ್ಲಿ ಬಿಡಿ. ಕಾರು ಹತ್ತಿ.”

ಸಾಸಲಿನ ಮನೆಯಲ್ಲಿ ಮೊದಲ ಭಾನುವಾರ ಮುನಿರತ್ನಮ್ಮ ನಾಟಿ ಕೋಳಿಯ ಸಾರು ಮಾಡಿದಳು. ಅದಕ್ಕೂ ಮೊದಲು ಅರ್ಪಿತಳಿಂದ ಪ್ರಮೋದಾ ಅವರಿಗೆ ಫೋನು ಮಾಡಿಸಿ, ಕೋಳಿ ತಿನ್ನಬಹುದೆಂಬ ಮಾತನ್ನು ತನ್ನ ಕಿವಿಯಾರೆ ಕೇಳಿಸಿಕೊಂಡಿದ್ದಳು. ಬಾಡು ಬೇಯಿಸಿದ ಪಾತ್ರೆ, ಸೌಟು ಯಾವುದನ್ನೂ ಮುಟ್ಟದೆ ಹೊಸ ಪಾತ್ರೆ ಒಲೆಗೆ ಏರಿಸಿದ್ದಳು. ಹುರಿದ ಕೊತ್ತಂಬರಿ, ಕೊಬ್ಬರಿ, ಮೆಣಸಿನ ಘಮ ಬೀದಿಯ ತನಕ ಹೋಯಿತು. ಬಿಸಿ ಮುದ್ದೆ ಇಟ್ಟು, ಸಾರು ಹಾಕಿ, ಅಮ್ಮಯಮ್ಮನ ಎದುರು ಕುಕ್ಕರುಗಾಲಲ್ಲಿ ಕೂತು ಅವಳ ಬಾಯನ್ನೇ ನೋಡತೊಡಗಿದಳು.

ಅಮ್ಮಯಮ್ಮ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನುಂಗಿದಳು. ಇನ್ನೊಂದು ತುತ್ತು ನುಂಗಿದಳು.

“ಹೆಂಗೈತೆ?”

“ಅಕ್ಕಾ, ಬಾಯಿಗೆ ರುಚಿ ಹತ್ತಿ ಮೂರ್ನಾಲ್ಕು ವರ್ಷ ಆಗಿತ್ತು.”

ಮುನಿರತ್ನಮ್ಮನ ಮುಖ ಅರಳಿತು. ಇನ್ನೊಂದು ಸೌಟು ಸುರಿದಳು. ಎರಡು ವರ್ಷದ ಸಿಂಚನ ಅಮ್ಮಯಮ್ಮನ ತೊಡೆಗೆ ಒರಗಿಕೊಂಡು ತನಗೂ ಮೂಳೆ ಬೇಕೆಂದು ಹಟ ಹಿಡಿದಳು. ಆ ರಾತ್ರಿ ಮನೆಯವರೆಲ್ಲ ಗಂಧೆ ಏಳುತ್ತದೋ ಎಂದು ಎಚ್ಚರವಿದ್ದರು, ಅಮ್ಮಯಮ್ಮನೊಬ್ಬಳು ಗೊರಕೆ ಹೊಡೆದಳು.

ಈಗ ರಕ್ತ ಪರೀಕ್ಷೆಗೆ ಇಬ್ಬರೂ ಬಸ್ಸು ಹತ್ತಿ ಜೊತೆಯಾಗಿ ದೊಡ್ಡಬಳ್ಳಾಪುರಕ್ಕೆ ಹೋಗುತ್ತಾರೆ. ಜಗಳ ನಿಂತಿಲ್ಲ, ವಿಷಯ ಬದಲಾಗಿದೆ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪನ್ನು ಒಂದು ದಿನ ಜಾಸ್ತಿ, ಒಂದು ದಿನ ಕಮ್ಮಿ ತಿನ್ನಬಾರದು, ಯಾವಾಗಲೂ ಒಂದೇ ಹದದಲ್ಲಿರಬೇಕೆಂದು ಡಾಕ್ಟರು ಹೇಳಿದ್ದಾರೆ. ಅಮ್ಮಯಮ್ಮನಿಗೆ ಮಸ್ಸೊಪ್ಪು ಎಂದರೆ ಪ್ರಾಣ. ಮುನಿರತ್ನಮ್ಮ ಒಂದೇ ಸೌಟು ಹಾಕಿ ಪಾತ್ರೆ ಮುಚ್ಚಿಬಿಡುತ್ತಾಳೆ.

ಹೋದ ತಿಂಗಳು ಪರೀಕ್ಷೆ ಮುಗಿಸಿ, ಸೀರೆ ನೇಯುವ ಪರಿಚಯದವರ ಮನೆಗೆ ಹೋಗಿದ್ದರು. ಮಗ್ಗದ ಸದ್ದಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದೆ ಇಬ್ಬರೂ ಕಿರುಚಿಕೊಂಡೇ ಬಣ್ಣ ಆರಿಸಿದರು. ಒಂದೇ ನಮೂನೆಯ ಎರಡು ಸೀರೆ, ಒಂದು ಮಾವಿನ ಚಿಗುರಿನ ಬಣ್ಣ, ಇನ್ನೊಂದು ನೇರಳೆ. ಹೊರಗೆ ಬಂದಾಗ ಬಸ್ಸಿನ ಹೊತ್ತಾಗಿತ್ತು. ಏರುದಾರಿಯಲ್ಲಿ ಅಮ್ಮಯಮ್ಮ ಚೀಲ ಹಿಡಿದು ಸರಸರನೆ ಮುಂದೆ ನಡೆದಳು. ಮುನಿರತ್ನಮ್ಮ ಸೊಂಟಕ್ಕೆ ಕೈ ಕೊಟ್ಟು ಏದುಸಿರು ಬಿಡುತ್ತಾ ಹಿಂದೆ ಉಳಿದಳು.

“ನಿಧಾನ ಹೋಗಕ್ಕಾ! ನಂಗೂ ಅಂಥದ್ದೇ ಒಂದು ವಾಲ್ವು ಹಾಕ್ಸು!”

“ನಿಮಗ್ಯಾಕೆ ವಾಲ್ವು? ತುಪ್ಪ ಕಮ್ಮಿ ಮಾಡಿ ಸಾಕು” ಎಂದು ಅಮ್ಮಯಮ್ಮ ತಿರುಗಿ ಕೂಗಿದಳು. ಅಷ್ಟರಲ್ಲಿ ಸಾಸಲಿನ ಬಸ್ಸು ಬಂತು. ಅಮ್ಮಯಮ್ಮ ಓಡಿಹೋಗಿ ಬಾಗಿಲ ಕಂಬಿ ಹಿಡಿದು, “ಸ್ವಲ್ಪ ನಿಲ್ಸಪ್ಪಾ, ನಮ್ಮ ಬೀಗಿತ್ತಿ ಬರ್ತಾ ಅವ್ರೆ” ಎಂದು ಕಂಡಕ್ಟರಿಗೆ ಹೇಳಿದಳು.